ಬಂಗಾರದ ಕಿವಿ ಮತ್ತು ಅತ್ತಿಗೆಯ ಹೂಂ

ನಮ್ಮ ಅಂಗಡಿಗೆ ಬರುವ ಗಂಡಸರಿಗೆಲ್ಲ ಜ್ವರ. ಇದು ನಾನು ಇಟ್ಟ ಹೆಸರಲ್ಲ. ಸ್ಪೀಕರು, ಆಂಪ್ಲಿಫೈಯರು, ವೈರು ಅಂತ ಹುಚ್ಚು ಹಿಡಿದವರನ್ನು ಇಡೀ ಹಾಂಗ್‌ಕಾಂಗ್ ಕರೆಯುವುದೇ ಜ್ವರದವರು ಅಂತ. ಅವರೂ ತಮ್ಮನ್ನು ಹಾಗೇ ಕರೆದುಕೊಳ್ಳುತ್ತಾರೆ, ಅದೂ ಎದೆ ಉಬ್ಬಿಸಿಕೊಂಡು. ಬೇರೆ ಜ್ವರ ಬಂದವರು ಮನೆಯಲ್ಲಿ ಹೊದ್ದು ಮಲಗುತ್ತಾರೆ. ಇವರು ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಶಾಮ್ ಶುಯಿ ಪೋದಲ್ಲಿರುವ ನಮ್ಮ ಮೂರನೇ ಮಹಡಿಯ ಅಂಗಡಿಗೆ ಬಂದು, ಬಾಗಿಲಲ್ಲಿ ಚಪ್ಪಲಿ ಕಳಚಿ, ಕತ್ತಲೆ ಕೋಣೆಯಲ್ಲಿ ಕಣ್ಣು ಮುಚ್ಚಿ ಕೂರುತ್ತಾರೆ. ಇಪ್ಪತ್ತೆರಡು ವರ್ಷದಿಂದ ಅವರಿಗೆ ವೈರು ಬದಲಿಸಿ, ಡಿಸ್ಕು ಹಾಕಿ, ಚಹಾ ಕೊಟ್ಟು ನನ್ನ ಸೊಂಟ ಹಿಡಿದುಕೊಂಡಿದೆ. ಹೆಸರು ಲೀನ್. ಎಲ್ಲರೂ ಲೀನ್ ಅಕ್ಕ ಅನ್ನುತ್ತಾರೆ, ನನಗಿಂತ ಹಿರಿಯರು ಬರೀ ಲೀನ್ ಅನ್ನುತ್ತಾರೆ. ನನಗೆ ಮಾತ್ರ ಇಷ್ಟು ವರ್ಷದಲ್ಲಿ ಜ್ವರ ತಗುಲಿಲ್ಲ. ನೆಗಡಿ ಬಂದದ್ದುಂಟು, ಆ ಕೋಣೆಯ ಏಸಿಯಿಂದ.

ಜ್ವರದವರಲ್ಲಿ ಹಿರಿಯರು ಸೇತೋ ಕಾಮ್-ಚುಂಗ್. ಅರವತ್ತನಾಲ್ಕು ವರ್ಷ, ತೆಳ್ಳನೆ ಮೈ, ಬೇಸಿಗೆಯಲ್ಲೂ ಪೂರ್ತಿ ತೋಳಿನ ಅಂಗಿ. ಮೂವತ್ತೇಳು ವರ್ಷ ಲಿಫ್ಟ್ ರಿಪೇರಿ ಮಾಡಿ ನಿವೃತ್ತರಾದವರು. ಹದಿನೇಳನೇ ಮಹಡಿಯ ಮೇಲೆ ಬೇರಿಂಗ್ ಸವೆದಿದ್ದರೆ ಕೆಳಗೆ ನಿಂತು ಬರೀ ಕಿವಿಯಿಂದಲೇ ಹೇಳುತ್ತಿದ್ದರಂತೆ. ಅಂತೆ ಅಂದೆ, ಆದರೆ ಒಂದು ಸಲ ನಾನೇ ಕಂಡಿದ್ದೇನೆ. ನಮ್ಮ ಕಟ್ಟಡದ ಲಿಫ್ಟಿನಿಂದ ಇಳಿದು ಬಂದವರು, ಇವತ್ತು ಯಾರೂ ಅದಕ್ಕೆ ಕಾಲಿಡಬೇಡಿ, ಹಗ್ಗ ಕೊರಗುತ್ತಿದೆ ಅಂದರು. ಕಾವಲಿನ ಮುದುಕ ನಕ್ಕುಬಿಟ್ಟ. ಅಂದು ಸಂಜೆ ನಮ್ಮ ಮಾಲೀಕರು ಯಿಮ್ ಸಾಹೇಬರು ಮೂವತ್ತೆಂಟು ಕಿಲೋ ತೂಕದ ಆಂಪ್ಲಿಫೈಯರನ್ನು ತಬ್ಬಿಕೊಂಡು ಒಂದನೇ ಮಹಡಿಗೂ ಎರಡನೆಯದಕ್ಕೂ ನಡುವೆ ಎರಡು ಗಂಟೆ ನಿಂತಿದ್ದರು. ಕೆಳಗಿಡಬಹುದಿತ್ತಲ್ಲ ಅಂದರೆ, ನೆಲದಲ್ಲಿ ಧೂಳಿತ್ತು ಅಂದರು. ಆವತ್ತಿನಿಂದ ಸೇತೋ ಅಣ್ಣನಿಗೆ ಅಂಗಡಿಯಲ್ಲಿ ಬಂಗಾರದ ಕಿವಿ ಅಂತ ಬಿರುದು.

ಬಂಗಾರದ ಕಿವಿಯವರು ಹೇಳಿದ್ದೇ ಮಾತು. ಹೊಸ ಸ್ಪೀಕರ್ ಬಂದರೆ ಮೊದಲು ಅವರು ಕೇಳಬೇಕು. ಕೋಣೆಯ ನಡುವೆ ಎರಡೂ ಸ್ಪೀಕರುಗಳಿಂದ ಸರಿಸಮ ದೂರದಲ್ಲಿ ಒಂದೇ ಒಂದು ಕುರ್ಚಿ ಇದೆ. ಅದಕ್ಕೆ ಚಕ್ರವರ್ತಿ ಪೀಠ ಅಂತಲೇ ಹೆಸರು, ಅಲ್ಲಿ ಕೂತವನಿಗಷ್ಟೇ ಪೂರಾ ಸುಖ, ಪಕ್ಕದ ಬೆಂಚಿನವರಿಗೆ ಮಿಕ್ಕಿದ್ದು. ಸೇತೋ ಅಣ್ಣ ಆ ಪೀಠದಲ್ಲಿ ಕೂತು ಕಣ್ಣು ಮುಚ್ಚಿದರೆ ಬೆಂಚಿನ ಮೇಲೆ ಆರು ಜನ ಉಸಿರು ಹಿಡಿಯುತ್ತಾರೆ. ಹತ್ತು ನಿಮಿಷ ಆದ ಮೇಲೆ, ಗಾಳಿ ಕಡಿಮೆ, ಅನ್ನುತ್ತಾರೆ. ಆರೂ ಜನ ಹೌದು ಹೌದು ಅಂತ ತಲೆ ಆಡಿಸುತ್ತಾರೆ. ಮರುವಾರ, ಹಾಡುವವಳು ಇವತ್ತು ಒಂದು ಹೆಜ್ಜೆ ಹಿಂದೆ ನಿಂತಿದ್ದಾಳೆ, ಅನ್ನುತ್ತಾರೆ. ಅವಳು ಯಾಕೆ ಹಿಂದೆ ಸರಿದಳು ಅನ್ನುವುದರ ಮೇಲೆ ಎರಡು ಗಂಟೆ ಚರ್ಚೆ. ದಂತವೈದ್ಯ ಫುಂಗ್ ಅಂತ ಒಬ್ಬರಿದ್ದಾರೆ, ಜ್ವರ ತಲೆಗೇರಿದವರು. ಬಾಯಿ ತೆರೆದು ಮಲಗಿದ ರೋಗಿಗೆ, ಉತ್ತರ ಕೊಡಲಾರ ಅನ್ನುವ ಧೈರ್ಯದಿಂದ, ತಾಮ್ರದ ತಂತಿ ಮೇಲೋ ಬೆಳ್ಳಿಯದು ಮೇಲೋ ಅಂತ ಪಾಠ ಮಾಡುತ್ತಾರೆ. ಅಂಥ ಫುಂಗ್ ಕೂಡ ಸೇತೋ ಅಣ್ಣನ ಮುಂದೆ ಬಾಯಿ ಮುಚ್ಚುತ್ತಾರೆ.

ಆದರೆ ಜ್ವರದವರು ಸೇತೋ ಅಣ್ಣನನ್ನು ಕಂಡು ಹೊಟ್ಟೆ ಉರಿದುಕೊಳ್ಳುತ್ತಿದ್ದದ್ದು ಅವರ ಕಿವಿಗಾಗಿ ಅಲ್ಲ, ಅವರ ಹೆಂಡತಿಗಾಗಿ.

ಮಿಕ್ಕವರ ಪಾಡು ಕೇಳಬೇಡಿ. ಒಬ್ಬ ಹೊಸ ಆಂಪ್ಲಿಫೈಯರನ್ನು ಹೀಟರ್ ಅಂತ ಹೇಳಿ ಮನೆಗೆ ಒಯ್ದಿದ್ದಾನೆ. ಚಳಿಗಾಲದಲ್ಲಿ ಅವನ ಅತ್ತೆ ಅದರ ಮೇಲೆ ಕಾಲುಚೀಲ ಒಣಹಾಕುತ್ತಾರಂತೆ. ಫುಂಗ್ ತಮ್ಮ ಎರಡನೇ ಜೋಡಿ ಸ್ಪೀಕರನ್ನು ಕ್ಲಿನಿಕ್ಕಿನ ಎಕ್ಸ್‌ರೇ ಕೋಣೆಯಲ್ಲಿ ಅಡಗಿಸಿಟ್ಟಿದ್ದಾರೆ. ನಾನೇ ಎಷ್ಟೋ ಪೆಟ್ಟಿಗೆಗಳ ಮೇಲೆ ರೈಸ್ ಕುಕ್ಕರಿನ ಚೀಟಿ ಅಂಟಿಸಿ ಕಳಿಸಿದ್ದೇನೆ. ಸೇತೋ ಅಣ್ಣ ಮಾತ್ರ ತಮ್ಮ ಸಾಮಾನನ್ನು ಹಾಡಹಗಲಲ್ಲಿ, ಮುಂಬಾಗಿಲಿನಿಂದ, ಕಂಪನಿಯ ಹೆಸರು ಹೊರಗೆ ಕಾಣುವ ಹಾಗೆ ಒಯ್ಯುತ್ತಿದ್ದರು.

"ಅದರಲ್ಲೇನಿದೆ ಕದ್ದುಮುಚ್ಚೋದು?" ಅನ್ನುತ್ತಿದ್ದರು. "ನಾನು ಕೇಳ್ತೀನಿ, ಅವಳು ಹೂಂ ಅಂತಾಳೆ. ಮೇಲೆ ಸೂಪು ಬೇರೆ ಮಾಡ್ತಾಳೆ."

ಈ ಸೂಪಿನ ವಿಷಯ ಹೇಳಬೇಕು. ನಾವು ಎಲ್ಲವನ್ನೂ ಕುದಿಸುವ ಜನ. ಸೂಪು ಕುದಿಸುತ್ತೇವೆ, ಅದು ಸರಿ. ರಾತ್ರಿಯೆಲ್ಲ ಕೂತು ಟಿವಿ ಧಾರಾವಾಹಿ ಮುಗಿಸಿದರೆ ಧಾರಾವಾಹಿ ಕುದಿಸಿದೆ ಅನ್ನುತ್ತೇವೆ. ಫೋನಿನಲ್ಲಿ ಗಂಟೆಗಟ್ಟಲೆ ಹರಟಿದರೆ ಗಂಜಿ ಕುದಿಸಿದೆ ಅನ್ನುತ್ತೇವೆ. ಹಾಗೆಯೇ ಹೊಸ ಸ್ಪೀಕರನ್ನೂ ಕುದಿಸಬೇಕು, ಅಂದರೆ ಇನ್ನೂರು ಮುನ್ನೂರು ಗಂಟೆ ಬಿಡದೆ ನುಡಿಸಿ ಅದರ ಬಿಗಿ ಬಿಡಿಸಬೇಕು. ಸೇತೋ ಅಣ್ಣ ಹೊಸ ಸಾಮಾನು ತಂದ ದಿನ ಹೆಂಡತಿಗೆ, ಇದನ್ನು ಚೆನ್ನಾಗಿ ಕುದಿಸಬೇಕು ಕಣೇ, ಅನ್ನುವರು. ಆಕೆ ಹೂಂ ಅನ್ನುವರು. ರಾತ್ರಿ ಊಟಕ್ಕೆ ತಾವರೆ ಬೇರು, ಹಂದಿ ಮೂಳೆ ಹಾಕಿ ಮೂರು ಗಂಟೆ ಕುದಿಸಿದ ಸೂಪು ಸಿದ್ಧ. ಹೊಸ ಸ್ಪೀಕರಿಗೆ ಹೆಂಡತಿ ಹಬ್ಬದ ಅಡುಗೆ ಮಾಡುತ್ತಾಳೆ ಅಂತ ಸೇತೋ ಅಣ್ಣ ಅಂಗಡಿಯಲ್ಲಿ ಹೇಳುವಾಗ ಫುಂಗ್ ಕಣ್ಣಲ್ಲಿ ನೀರು ಬರುತ್ತಿತ್ತು.

ಅವರ ಮನೆಗೆ ನಾನು ವೈರು ಸರಿಪಡಿಸಲು ನಾಲ್ಕೈದು ಸಲ ಹೋಗಿದ್ದೇನೆ. ಕ್ವುನ್ ತೊಂಗಿನ ಸರ್ಕಾರಿ ವಸತಿ, ಹನ್ನೊಂದನೇ ಮಹಡಿ, ಇರುವುದು ಒಂದೇ ಹಾಲು. ಒಂದು ಗೋಡೆ ಪೂರ್ತಿ ಯಂತ್ರಗಳು. ಉಳಿದ ಜಾಗದಲ್ಲಿ ಒಂದು ಮಡಚುವ ಮಂಚ, ಊಟದ ದುಂಡು ಮೇಜು, ಇಬ್ಬರು ಮನುಷ್ಯರು. ಸೇತೋ ಅಣ್ಣ ಮನೆಯಲ್ಲಿ ಸದಾ ಆ ಗೋಡೆಯ ಕಡೆ ಮುಖ ಮಾಡಿ ಕೂರುತ್ತಾರೆ. ಚಹಾ ತಾ ಅನ್ನುವುದೂ ಆ ಕಡೆಗೇ, ಲೀನ್ ಬಂದಿದ್ದಾಳೆ ಅನ್ನುವುದೂ ಆ ಕಡೆಗೇ. ಹೆಂಡತಿ ಹಿಂದೆ ಅಡುಗೆಮನೆ ಬಾಗಿಲಲ್ಲಿ ನಿಂತು ಹೂಂ ಅನ್ನುತ್ತಾರೆ. ಗಂಡಸರೆಲ್ಲ ಹೀಗೇ, ಅಂದುಕೊಂಡು ನಾನು ವೈರು ಸುತ್ತಿ ಬಂದಿದ್ದೆ.

ಈ ವರ್ಷ ಹೊಸ ವರ್ಷದ ರಜೆ ಮುಗಿದ ಮೇಲೆ ನಮ್ಮ ಅಂಗಡಿಗೆ ಯೂರೋಪಿನಿಂದ ಒಂದು ಹೋಮ್ ಥಿಯೇಟರ್ ಸೆಟ್ ಬಂತು. ಮುಂದಿನ ಎರಡು ಸ್ಪೀಕರು ನಮ್ಮ ಫ್ರಿಜ್ಜಿಗಿಂತ ಒಂದು ಗೇಣು ಎತ್ತರ. ನಡುವೆ ಒಂದು, ಹಿಂದೆ ನಾಲ್ಕು, ಗುಡುಗಿಗೆ ಅಂತಲೇ ಎರಡು ಡಬ್ಬ. ಸೇತೋ ಅಣ್ಣ ಅದನ್ನು ನೋಡಿದವರೇ ಮಾತು ಬಿಟ್ಟರು. ಹನ್ನೊಂದು ಶನಿವಾರ ಬಿಡದೆ ಬಂದು ಕೇಳಿದರು. ತಮ್ಮದೇ ಡಿಸ್ಕು, ತಮ್ಮದೇ ಚಾಪೆ, ಒಂದು ಸಲ ತಮ್ಮ ಮನೆಯ ಪರದೆಯನ್ನೇ ಬಿಚ್ಚಿ ತಂದು ಗೋಡೆಗೆ ಕಟ್ಟಿ ಕೇಳಿದರು. ಗ್ರಾಫ್ ಹಾಳೆಯ ಮೇಲೆ ಮನೆಯ ನಕ್ಷೆ ಬರೆದು ಲೆಕ್ಕ ಹಾಕಿದರು. ಎಲ್ಲ ಹಿಡಿಸುತ್ತದೆ, ಆದರೆ ಊಟದ ಮೇಜು ಹೊರಗೆ ಹೋಗಬೇಕು. ಗಂಡ ಹೆಂಡತಿ ಇನ್ನು ಮೇಲೆ ಮಂಚದ ಅಂಚಿನಲ್ಲಿ ಕೂತು, ಬಟ್ಟಲು ಕೈಯಲ್ಲಿ ಹಿಡಿದು ಉಣ್ಣಬೇಕು.

ಇಲ್ಲಿ ಯಿಮ್ ಸಾಹೇಬರ ಹೊಸ ನಿಯಮ ಅಡ್ಡ ಬಂತು. ಹಿಂದಿನ ವರ್ಷ ಫುಂಗ್ ಹೆಂಡತಿ ನಾಲ್ವರು ಹಮಾಲರನ್ನೂ ತಮ್ಮ ಅಕ್ಕನನ್ನೂ ಕರೆದುಕೊಂಡು ಬಂದು ಒಂದು ಸೆಟ್ ವಾಪಸ್ ಎಸೆದು ಹೋಗಿದ್ದರು. ಆ ಅಕ್ಕ ಆಡಿದ ಮಾತುಗಳನ್ನು ಯಿಮ್ ಸಾಹೇಬರು ಇನ್ನೂ ಮರೆತಿಲ್ಲ. ಅದಕ್ಕೇ, ಸೊಂಟಕ್ಕಿಂತ ಎತ್ತರದ ಯಾವ ಸ್ಪೀಕರೂ ಕೊಳ್ಳುವವನ ಹೆಂಡತಿ, ಅಂದರೆ ನಮ್ಮ ಅತ್ತಿಗೆ, ಸ್ವತಃ ಬಂದು, ಚಕ್ರವರ್ತಿ ಪೀಠದಲ್ಲಿ ಕೂತು ಕೇಳಿ, ಬಾಯಿ ಬಿಟ್ಟು ಹೂಂ ಅನ್ನದೆ ಅಂಗಡಿ ಬಿಟ್ಟು ಹೋಗುವ ಹಾಗಿಲ್ಲ ಅಂತ ಕಟ್ಟುಮಾಡಿದರು. ಜ್ವರದವರ ಪಾಲಿಗೆ ಇದು ಗಲ್ಲಿನ ಆಜ್ಞೆ. ಸೇತೋ ಅಣ್ಣ ಮಾತ್ರ ನಕ್ಕರು. ಅವರಿಗೆ ಬೇಕಾಗಿದ್ದದ್ದು ಹೆಂಡತಿಯ ಒಂದು ಹೂಂ, ಅದು ಅವರಿಗೆ ಎಂದೂ ತಪ್ಪಿರಲಿಲ್ಲ.

ಮರುಶನಿವಾರ ಸೇತೋ ಅಣ್ಣನ ಹೆಂಡತಿ ಲಾಯ್-ಕ್ವಾನ್ ಅತ್ತಿಗೆ ಬಂದರು. ಪುಟ್ಟ ಆಳು, ನೇರಳೆ ಬಣ್ಣದ ಸ್ವೆಟರು, ಕೈಯಲ್ಲಿ ಸೊಪ್ಪಿನ ಚೀಲ. ನೇರ ಮಾರ್ಕೆಟ್ಟಿನಿಂದ ಬಂದಿದ್ದರು. ಯಿಮ್ ಸಾಹೇಬರು ಎದುರು ನಿಂತು ಸೆಟ್ಟಿನ ಗುಣಗಾನ ಮಾಡುವಾಗ ಆಕೆ ಅವರ ಮುಖವನ್ನೇ ಕಣ್ಣು ಮಿಟುಕಿಸದೆ ನೋಡಿದರು. ತಮ್ಮ ಹೆಂಡತಿಯೇ ಹಾಗೆ ನೋಡಿ ಎಷ್ಟು ವರ್ಷವಾಗಿತ್ತೋ, ಯಿಮ್ ಸಾಹೇಬರು ಖುಷಿಯಾಗಿ ಎಲ್ಲವನ್ನೂ ಎರಡೆರಡು ಸಲ ಹೇಳಿದರು.

ಅತ್ತಿಗೆಯನ್ನು ಪೀಠದಲ್ಲಿ ಕೂರಿಸಿದೆವು. ಕಾಲು ನೆಲಕ್ಕೆ ಎಟುಕಲಿಲ್ಲ, ಸೊಪ್ಪಿನ ಚೀಲ ತೊಡೆಯ ಮೇಲೆ. ಬೆಂಚಿನ ಮೇಲೆ ಜ್ವರದವರು ಸಾಲಾಗಿ ಕೂತರು. ಸೇತೋ ಅಣ್ಣ ಪೀಠದ ಹಿಂದೆ ಯಂತ್ರಗಳ ಪಕ್ಕ ನಿಂತರು. ಬೇರೆ ಯಾರಾದರೂ ಆದರೆ ಹೆಂಗಸನ್ನು ಒಲಿಸಲು ಒಂದು ಹಾಡೋ ಕುಣಿತವೋ ಹಾಕುತ್ತಾರೆ. ಇವರು ಹಾಗಲ್ಲ. ಗುಡುಗು ಗದ್ದಲವೆಲ್ಲ ಎಳಸು ಹುಡುಗರಿಗೆ, ಒಳ್ಳೆ ಸ್ಪೀಕರಿನ ಯೋಗ್ಯತೆ ತಿಳಿಯುವುದು ಸದ್ದಿಲ್ಲದ ಕಡೆ ಅಂತ ಅವರ ಸಿದ್ಧಾಂತ. ಒಂದು ಸಿನಿಮಾದ ದೃಶ್ಯ ಆರಿಸಿದ್ದರು. ಕತ್ತಲೆ ಮನೆ, ಒಬ್ಬ ಮುದುಕಿ ಸುಮ್ಮನೆ ನಿಂತಿದ್ದಾಳೆ. ಹಿಂದೆ ಬಲಗಡೆ ಎಲ್ಲೋ ಒಂದು ಜೀರುಂಡೆ. ಪಕ್ಕದ ಕೋಣೆಯಲ್ಲಿ ಬೀಗದ ಕೈ ಗೊಂಚಲು ಒಂದು ಸಲ ಅಲುಗುತ್ತದೆ. ರೇಷ್ಮೆ ಬಟ್ಟೆಗೆ ರೇಷ್ಮೆ ಬಟ್ಟೆ ತಾಗುತ್ತದೆ. ಅಷ್ಟೇ, ಮೂರು ನಿಮಿಷ.

ನಾನು ದೀಪ ತಗ್ಗಿಸಿ ಡಿಸ್ಕು ಹಾಕಿದೆ. ಜೀರುಂಡೆ ಕೂಗಿತು. ಗೊಂಚಲು ಅಲುಗಿತು. ನಿಜ ಹೇಳುತ್ತೇನೆ, ನನಗೆ ಜ್ವರವಿಲ್ಲದಿದ್ದರೂ ಕತ್ತಿನ ಹಿಂದೆ ಕೂದಲು ನಿಂತಿತು. ಫುಂಗ್ ಕೈ ಜೋಡಿಸಿಬಿಟ್ಟಿದ್ದರು. ಆಗ ಅತ್ತಿಗೆ ಯಿಮ್ ಸಾಹೇಬರ ಕಡೆ ತಿರುಗಿ, ಮಾರ್ಕೆಟ್ಟಿನಲ್ಲಿ ಮಾತಾಡುವಷ್ಟು ಜೋರಾಗಿ ಕೇಳಿದರು:

"ಯಾವಾಗ ಶುರು ಮಾಡ್ತೀರಿ?"

ಯಿಮ್ ಸಾಹೇಬರ ಮುಖ ಬಿಳಿಚಿತು. ಆ ಸೆಟ್ಟನ್ನು ಇಷ್ಟು ನಿಕೃಷ್ಟವಾಗಿ ಯಾರೂ ಬೈದಿರಲಿಲ್ಲ. ಸೇತೋ ಅಣ್ಣ ಎರಡು ನಿಮಿಷ ಯೋಚಿಸಿ, ನಿಧಾನವಾಗಿ, ಅವಳು ಹೇಳಿದ್ದು ಸರಿ ಅಂದರು. ಹನ್ನೊಂದು ವಾರದಿಂದ ತಮಗೇ ಏನೋ ಕೊರೆಯುತ್ತಿತ್ತು, ಏನೆಂದು ಹೇಳಲು ಬಂದಿರಲಿಲ್ಲ. ಇದೇ ಅದು, ಸ್ವರ ಶುರುವಾಗುವುದೇ ಇಲ್ಲ, ನೇರ ನಡುವಿನಿಂದ ಬರುತ್ತದೆ. ಫುಂಗ್ ತಕ್ಷಣ ಎದ್ದು, ಹೌದು, ಸ್ವರಕ್ಕೆ ಮುಂಗಾಲೇ ಇಲ್ಲ ಅಂದರು. ಬೆಂಚಿನ ಕೊನೆಯಲ್ಲಿದ್ದ ಒಬ್ಬರು, ನಾನು ಮೊದಲೇ ಹೇಳಿದ್ದೆ ಅಂದರು. ಅವರು ಏನೂ ಹೇಳಿರಲಿಲ್ಲ.

ಯಿಮ್ ಸಾಹೇಬರು ಕರೆಂಟಿನ ವೈರೇ ಸರಿಯಿಲ್ಲ ಅಂದರು. ನಾನು ಬಗ್ಗಿ ಹೆಬ್ಬೆರಳು ದಪ್ಪದ ಇನ್ನೊಂದು ವೈರು ಹಾಕಿದೆ. ಮತ್ತೆ ಜೀರುಂಡೆ, ಗೊಂಚಲು, ರೇಷ್ಮೆ. ಈ ಸಲ ಅತ್ತಿಗೆ ಸುತ್ತಲೂ ನೋಡಿದರು. ಏಳು ಮುಖಗಳು ತಮ್ಮನ್ನೇ ನೋಡುತ್ತಿವೆ. ಚೆನ್ನಾಗಿದೆ, ಅಂದರು. ಜ್ವರದವರಲ್ಲಿ ಗುಜುಗುಜು ಎದ್ದಿತು. ನೋಡಿದಿರಾ, ಒಂದು ವೈರಿಗೆ ಎಷ್ಟು ವ್ಯತ್ಯಾಸ, ಈ ಹೆಂಗಸಿನ ಕಿವಿಯೋ ಕಿವಿ, ಗಂಡನ ಕಿವಿ ಬಂಗಾರವಾದರೆ ಇದು ವಜ್ರ ಅಂದರು. ಫುಂಗ್ ತಮ್ಮ ಚೀಲದಿಂದ ತಮ್ಮದೇ ವೈರು ತೆಗೆದು, ದಯವಿಟ್ಟು ಇದನ್ನೂ ಅತ್ತಿಗೆಗೆ ಕೇಳಿಸಿ ಅಂತ ಎರಡೂ ಕೈಯಲ್ಲಿ ನನಗೆ ಕೊಟ್ಟರು.

ನನಗೆ ಸೊಂಟ ನೋವು, ಸಿಟ್ಟು ಬೇರೆ. ಹಿಂದೆ ಹೋಗಿ ಬಗ್ಗಿ, ಹತ್ತು ಎಣಿಸಿ, ಏನೂ ಮಾಡದೆ ಎದ್ದು ಬಂದೆ. ಫುಂಗ್ ವೈರು ನನ್ನ ಜೇಬಿನಲ್ಲೇ ಇತ್ತು. ಮತ್ತೆ ಹಾಕಿದೆ. ಅತ್ತಿಗೆ ಮತ್ತೆ ಮುಖಗಳನ್ನು ನೋಡಿ ಚೆನ್ನಾಗಿದೆ ಅಂದರು. ಆಹಾ, ಈಗ ಆ ಮುದುಕಿಯ ಮೈಯಲ್ಲಿ ರಕ್ತ ಹರಿಯುತ್ತಿದೆ, ಅಂದರು ಫುಂಗ್. ಬೆಂಚೆಲ್ಲ ಹೌದು ಅಂದಿತು. ಸೇತೋ ಅಣ್ಣ ಒಬ್ಬರು ಮಾತ್ರ ಹುಬ್ಬು ಗಂಟಿಕ್ಕಿ ನನ್ನ ಕಡೆ ನೋಡಿದರು.

"ಲೀನ್, ನೀನು ವೈರು ಬದಲಾಯಿಸಲೇ ಇಲ್ಲ."

ಜೇಬಿನಿಂದ ವೈರು ತೆಗೆದು ತೋರಿಸಿದೆ. ಬೆಂಚಿನಲ್ಲಿ ಎಲ್ಲರೂ ಏಕಕಾಲಕ್ಕೆ ಕೆಮ್ಮಿದರು. ಹೇಳಿದೆನಲ್ಲ, ಆ ಮನುಷ್ಯನ ಕಿವಿ ಸುಳ್ಳಲ್ಲ. ಅದು ಸುಳ್ಳಾಗಿದ್ದರೆ ನನಗೆ ಆಮೇಲೆ ಅಷ್ಟು ಕೋಪ ಬರುತ್ತಿರಲಿಲ್ಲ.

ಯಿಮ್ ಸಾಹೇಬರು ಚಹಾ ಅಂದರು. ನಾನು ಅಡುಗೆಮೂಲೆಗೆ ಹೋದೆ. ಸಹಾಯ ಮಾಡುತ್ತೇನೆ ಅಂತ ಅತ್ತಿಗೆಯೂ ಹಿಂದೆಯೇ ಬಂದು, ನನಗೆ ಬೆನ್ನು ಮಾಡಿ ಲೋಟ ತೊಳೆಯಲು ನಿಂತರು. ಹಾಲು ಹಾಕಲಾ ಅಂತ ಕೇಳಿದೆ. ಉತ್ತರವಿಲ್ಲ. ಅತ್ತಿಗೆ, ಹಾಲು ಹಾಕಲಾ ಅಂದೆ. ಇಲ್ಲ. ಮೂರನೇ ಸಲ ಹತ್ತಿರ ಹೋಗಿ ಭುಜ ಮುಟ್ಟಿದೆ. ಬೆಚ್ಚಿ ತಿರುಗಿದರು, ಕಣ್ಣು ನೇರ ನನ್ನ ಬಾಯಿಗೆ ಬಂತು. ಕಣ್ಣಿಗಲ್ಲ, ಬಾಯಿಗೆ. ನನಗೆ ಏನು ಹೊಳೆಯಿತೋ, ದನಿಯನ್ನೇ ತೆಗೆಯದೆ ಬರೀ ತುಟಿ ಆಡಿಸಿ ಕೇಳಿದೆ, ಕಿವಿ ಕೇಳಿಸಲ್ವಾ ಅಂತ.

"ಎಂಟು ವರ್ಷ ಆಯ್ತು," ಅಂದರು ಅತ್ತಿಗೆ.

ಚುನ್ ವಾನಿನ ನೇಯ್ಗೆ ಗಿರಣಿಯಲ್ಲಿ ಹದಿನಾಲ್ಕನೇ ವಯಸ್ಸಿನಿಂದ ಇಪ್ಪತ್ತು ವರ್ಷ ಮಗ್ಗಗಳ ನಡುವೆ ನಿಂತವರು. ಇನ್ನೂರು ಮಗ್ಗ ಒಟ್ಟಿಗೆ ಬಡಿಯುವಾಗ ಅಲ್ಲಿ ಯಾರೂ ದನಿಯಿಂದ ಮಾತಾಡುವುದಿಲ್ಲ, ತುಟಿ ನೋಡಿಯೇ ಜಗಳ, ತುಟಿ ನೋಡಿಯೇ ಮದುವೆ ಮಾತುಕತೆ. ಹಾಗಾಗಿ ಕಿವಿ ಹೋದದ್ದು ಮಾರ್ಕೆಟ್ಟಿನವರಿಗೂ ಗೊತ್ತಾಗಲಿಲ್ಲ, ಪಕ್ಕದ ಮನೆಯವರಿಗೂ ಗೊತ್ತಾಗಲಿಲ್ಲ. ಆಸ್ಪತ್ರೆಯವರು ಕಿವಿಗೆ ಮೆಷಿನ್ ಹಾಕಿಸಿಕೊಳ್ಳಿ ಅಂತ ಚೀಟಿ ಬರೆದುಕೊಟ್ಟಿದ್ದರು. ಅದನ್ನು ಬಿಸ್ಕತ್ತಿನ ಡಬ್ಬಿಯಲ್ಲಿಟ್ಟರಂತೆ.

ಯಾಕೆ ಅಂದೆ.

"ಅವತ್ತೇ ಮನೆಗೆ ನೆಂಟರು ಬಂದಿದ್ರು. ಇವರು ಅವರಿಗೆಲ್ಲ ತಮ್ಮ ಕಿವಿ ಸುದ್ದಿ ಹೇಳ್ಕೊಂಡು ನಗ್ತಾ ಇದ್ರು. ಅಂಥವರ ಹೆಂಡತಿ ಕಿವುಡಿ ಅಂದ್ರೆ ಹೇಗಿರತ್ತೆ? ನಾಳೆ ಹೇಳೋಣ ಅಂದ್ಕೊಂಡೆ. ಆಮೇಲೆ ಹೇಳೋಕೆ ನಾಚಿಕೆ ಆಯ್ತು."

ಮನೆಯಲ್ಲಿ ಮಾತು ಹೇಗೆ ನಡೆಯುತ್ತದೆ ಅಂತ ಕೇಳಿದೆ. ಎದುರಿಗೆ ಮಾತಾಡಿದರೆ ತಿಳಿಯುತ್ತದೆ, ಆದರೆ ಅವರು ಎದುರಿಗೆ ಮಾತಾಡುವುದು ಕಡಿಮೆ, ಅಂದರು. ಹಿಂದಿನಿಂದ ಗಂಡನ ಕೆನ್ನೆ ಅಲುಗಿದ್ದು ಕಂಡರೆ ಏನೋ ಕೇಳುತ್ತಿದ್ದಾರೆ ಅಂತ ಗೊತ್ತಾಗುತ್ತದೆ. ಹೂಂ ಅಂದುಬಿಡುತ್ತಾರೆ. ಮುಖ ಕೊಂಚ ಈ ಕಡೆ ತಿರುಗಿದಾಗ ಒಂದೊಂದು ಪದ ಮಾತ್ರ ತುಟಿಯಲ್ಲಿ ಕಾಣುತ್ತದೆ. ಉದಾಹರಣೆಗೆ, ಕುದಿಸು.

"ಸೂಪು ಕುದಿಸು ಅಂತಿದಾರೆ ಅಂತ ಕುದಿಸ್ತೀನಿ," ಅಂದರು. "ಅದೇನೋ ವರ್ಷಕ್ಕೆ ಎರಡು ಮೂರು ಸಲ ಅವರಿಗೆ ಸೂಪಿನ ಆಸೆ ಬರತ್ತೆ."

ನನಗೆ ನಗು ತಡೆಯಲಾಗಲಿಲ್ಲ. ಜ್ವರದವರ ಪಾಲಿನ ಆದರ್ಶ ಹೆಂಡತಿ! ಅತ್ತಿಗೆಯೂ ನಕ್ಕರು. ನಗುನಗುತ್ತಲೇ ಕೇಳಿದರು, ನಿನಗೆ ರಿಪೇರಿಯವರು ಯಾರಾದರೂ ಗೊತ್ತಾ, ನನ್ನ ಹೊಲಿಗೆ ಮೆಷಿನ್ ರಿಪೇರಿಗೆ ಹೋಗಿ ಆರು ವರ್ಷ ಆಯಿತು, ಯಾವ ಅಂಗಡಿಗೆ ಕೊಟ್ಟಿದ್ದಾರೋ, ಕೇಳಿದರೆ ಇವರು ಬೇಜಾರು ಮಾಡಿಕೊಳ್ಳುತ್ತಾರೇನೋ ಅಂತ ಕೇಳಿಲ್ಲ.

ನನ್ನ ನಗು ಅಲ್ಲೇ ನಿಂತಿತು. ಆ ಮೆಷಿನ್ ಎಲ್ಲಿ ಹೋಯಿತು ಅಂತ ನನಗೆ ಗೊತ್ತಿತ್ತು. ಆರು ವರ್ಷದ ಹಿಂದೆ ಗುಡುಗಿನ ಡಬ್ಬ ಇಡಲು ಜಾಗ ಸಾಲದೆ ಸೇತೋ ಅಣ್ಣ ಅದನ್ನು ಗುಜರಿಯವನಿಗೆ ಕೊಟ್ಟಿದ್ದರು. ಅವಳನ್ನು ಕೇಳಿಯೇ ಕೊಟ್ಟೆ, ತಕ್ಷಣ ಹೂಂ ಅಂದಳು, ಎಂಥ ಹೆಂಗಸು ನೋಡಿ, ಅಂತ ಅಂಗಡಿಯಲ್ಲಿ ಹೇಳಿದ್ದರು. ಆವತ್ತು ನಾನೂ ಆಕೆಯನ್ನು ಮೆಚ್ಚಿಕೊಂಡಿದ್ದೆ.

"ಇವತ್ತು ನಿಮ್ಮನ್ನ ಯಾಕೆ ಕರೆಸಿದಾರೆ ಗೊತ್ತಾ ಅತ್ತಿಗೆ?"

"ಸಿನಿಮಾ ತೋರಿಸೋಕೆ ಅಂತ. ಅಲ್ವಾ? ಆ ಮುದುಕಿ ನಿಂತೇ ಇದಾಳೆ." ಆಮೇಲೆ ನನ್ನ ಕೈ ಹಿಡಿದರು. "ಅವರಿಗೆ ಹೇಳಬೇಡ ತಂಗಿ. ಅವರು ಏನು ಕೇಳಿದ್ರೂ ನಾನು ಹೂಂ ಅಂತೀನಿ. ಅವರು ಖುಷಿಯಾಗಿದ್ರೆ ಸಾಕು."

ನಾನು ಹೇಳುವುದಿಲ್ಲ ಅನ್ನಲಿಲ್ಲ, ಹೇಳುತ್ತೇನೆ ಅಂತಲೂ ಅನ್ನಲಿಲ್ಲ. ಚಹಾ ತಟ್ಟೆ ಎತ್ತಿಕೊಂಡು ಹೊರಗೆ ಬಂದೆ. ಯಿಮ್ ಸಾಹೇಬರು ನನ್ನನ್ನೇ ಕಣ್ಣಲ್ಲಿ ಅವಸರಪಡಿಸುತ್ತಿದ್ದರು. ಹೊಸ ವರ್ಷದಿಂದ ಅಂಗಡಿಯಲ್ಲಿ ದೊಡ್ಡ ಸೆಟ್ ಒಂದೂ ಹೋಗಿರಲಿಲ್ಲ. ಅತ್ತಿಗೆಯ ಬಾಯಿಂದ ಒಂದು ಹೂಂ ಬಿದ್ದರೆ ಸಂಜೆಯೊಳಗೆ ವ್ಯಾನು ಹೊರಡುತ್ತದೆ, ರಾತ್ರಿ ಆಕೆ ಮನೆಗೆ ಹೋಗಿ ಮೇಜು ಎಲ್ಲಿ ಅಂತ ಹುಡುಕುತ್ತಾರೆ. ಹುಡುಕಿ ಸಿಗದಿದ್ದರೆ, ಅದೂ ರಿಪೇರಿಗೆ ಹೋಗಿದೆ ಅಂದುಕೊಳ್ಳುತ್ತಾರೆ. ಇದನ್ನು ನೆನೆದರೆ ನನ್ನ ಮೈ ಉರಿಯಿತು.

ಅತ್ತಿಗೆ ಮತ್ತೆ ಪೀಠದಲ್ಲಿ ಕೂತರು. ಸೇತೋ ಅಣ್ಣ ಯಂತ್ರಗಳ ಕಡೆ ಮುಖ ಮಾಡಿ, ಏನೋ ಗುಂಡಿ ತಿರುಗಿಸುತ್ತಾ, ಆ ಕಡೆಗೇ ಹೆಂಡತಿಗೆ ಹೇಳಿದರು, ಆ-ಕ್ವಾನ್, ಈ ಸೆಟ್ ಬಂದರೆ ಊಟದ ಮೇಜು ತೆಗೀಬೇಕು, ಆಗಬಹುದಲ್ವಾ. ಬೆಂಚಿನವರೆಲ್ಲ ತಮ್ಮ ಕಡೆ ನೋಡಿದ್ದರಿಂದ ಏನೋ ಕೇಳಿದ್ದಾರೆ ಅಂತ ಅತ್ತಿಗೆಗೆ ಗೊತ್ತಾಯಿತೇನೋ, ಹೂಂ ಅನ್ನಲು ಬಾಯಿ ತೆರೆದರು. ನಾನು ಅಡ್ಡ ಹೋಗಿ ಚಹಾ ಲೋಟ ಕೈಗಿಟ್ಟೆ.

"ಸೇತೋ ಅಣ್ಣ, ಒಂದು ಪರೀಕ್ಷೆ ಬಾಕಿ ಇದೆ," ಅಂದೆ. "ಸ್ಪೀಕರೆಲ್ಲ ಆರಿಸಿಬಿಡ್ತೀನಿ. ನೀವು ಪೀಠದ ಹಿಂದೆ ನಿಂತು ಅತ್ತಿಗೆ ಹೆಸರು ಹಿಡಿದು ಕರೀರಿ. ಒಂದೇ ಸಲ."

ಇದೆಂಥ ಪರೀಕ್ಷೆ ಅಂತ ಬೆಂಚಿನವರು ಗೊಣಗಿದರು. ಕೋಣೆಯ ಗುಣ ತಿಳಿಯುತ್ತದೆ ಅಂದೆ. ಜ್ವರದವನಿಗೆ ಪರೀಕ್ಷೆ ಅಂದರೆ ಸಾಕು, ಬೇಡ ಅನ್ನಲಾರ. ಸೇತೋ ಅಣ್ಣ ಹೆಂಡತಿಯ ತಲೆಯಿಂದ ಎರಡು ಮೊಳ ಹಿಂದೆ ನಿಂತು ಗಂಟಲು ಸರಿಮಾಡಿಕೊಂಡರು. ಆ ಕೋಣೆಯ ಗೋಡೆಗಳಿಗೆಲ್ಲ ನಾನೇ ನಿಂತು ಹತ್ತಿ, ಮರ ಬಡಿಸಿದ್ದೇನೆ, ಪಿಸುಮಾತೂ ಪೋಲಾಗುವುದಿಲ್ಲ.

"ಆ-ಕ್ವಾನ್."

ಅತ್ತಿಗೆ ಚಹಾ ಊದುತ್ತಿದ್ದರು.

"ಆ-ಕ್ವಾನ್," ಅಂದರು ಇನ್ನೊಮ್ಮೆ, ಜೋರಾಗಿ. ಅತ್ತಿಗೆ ಒಂದು ಗುಟುಕು ಕುಡಿದರು.

ಫುಂಗ್ ಏನೋ ಹೇಳಲು ಹೋದರು, ನಾನು ಕೈ ತೋರಿಸಿ ಕೂರಿಸಿದೆ. ಸೇತೋ ಅಣ್ಣನ ಮುಖ ನಾನು ನೋಡುತ್ತಿದ್ದೆ. ಲಿಫ್ಟಿನ ಬಾಗಿಲು ತೆರೆದಾಗ ಒಳಗೆ ಲಿಫ್ಟೇ ಇಲ್ಲದಿದ್ದರೆ ಮನುಷ್ಯ ಹೇಗೆ ಹಿಂದೆ ಸರಿಯುತ್ತಾನೋ ಹಾಗೆ ಒಂದು ಹೆಜ್ಜೆ ಸರಿದರು. ಮೂರನೇ ಸಲ ಕರೆದಾಗ ಅವರ ದನಿ ಹೊರಟಿತೋ ಇಲ್ಲವೋ, ಹತ್ತಿರವಿದ್ದ ನನಗೇ ಕೇಳಲಿಲ್ಲ. ಅತ್ತಿಗೆ ಬೆಂಚಿನವರ ಮುಖಗಳನ್ನು ನೋಡಿದರು, ಏನೋ ನಡೆದಿದೆ ಅಂತ ತಿಳಿದು ಮೊದಲು ನನ್ನ ಕಡೆ ತಿರುಗಿದರು. ಆ ನೋಟಕ್ಕೆ ನಾನು ತಲೆ ತಗ್ಗಿಸಿದೆ. ಬೈದಿದ್ದರೂ ಪರವಾಗಿರಲಿಲ್ಲ.

ಸೇತೋ ಅಣ್ಣ ಪೀಠವನ್ನು ಸುತ್ತಿಕೊಂಡು ಮುಂದೆ ಬಂದು ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತರು. ಆ ಎತ್ತರದ ಸ್ಪೀಕರುಗಳೆಲ್ಲ ಈಗ ಅವರ ಬೆನ್ನ ಹಿಂದೆ.

"ಯಾವಾಗಿಂದ?"

"ಎಂಟು ವರ್ಷ."

"ನಾನು ಪ್ರತಿ ಸಲವೂ ನಿನ್ನ ಕೇಳಿದ್ದೆ. ಪ್ರತಿಯೊಂದಕ್ಕೂ ಕೇಳಿದ್ದೆ. ನೀನು ಹೂಂ ಅಂದೆ."

"ನೀವು ಕೇಳಿದ್ದು ಆ ಗೋಡೆನ," ಅಂದರು ಅತ್ತಿಗೆ. ದನಿಯಲ್ಲಿ ಸಿಟ್ಟಿರಲಿಲ್ಲ. "ಏನು ಕೇಳಿದ್ರೋ ನನಗೆ ಗೊತ್ತಿಲ್ಲ. ಬಾಯಿಗೆ ಬಂದಿದ್ದು ಹೂಂ."

ಅವ್ವನ ಸಾವಿಗೂ ಅಳದವರು ಅಂತ ಹೆಸರಾದ ಸೇತೋ ಅಣ್ಣ ತೋಳಿನಿಂದ ಮುಖ ಒರೆಸಿಕೊಂಡರು. ಯಿಮ್ ಸಾಹೇಬರು ಹಿಂದಿನಿಂದ, ಮಾತುಕತೆ ಮನೆಯಲ್ಲಿ ಆಗಲಿ, ಈಗ ಸೆಟ್ಟಿನ ವಿಷಯ ಅಂತ ಶುರು ಮಾಡಿದರು. ನಾನು ಅವರ ಕಾಲು ತುಳಿದೆ, ಬೇಕೆಂದೇ.

"ಹಾಗಾದ್ರೆ ಈಗ ಕೇಳ್ತೀನಿ," ಅಂದರು ಸೇತೋ ಅಣ್ಣ. ಒಂದೊಂದೇ ಪದವನ್ನು ನಿಧಾನವಾಗಿ, ತುಟಿ ತುಂಬ ಆಡಿಸಿ ಹೇಳಿದರು. "ಈ ಸ್ಪೀಕರು ಮನೆಗೆ ತರಬೇಕು ಅಂತ ನನಗೆ ಆಸೆ. ತಂದ್ರೆ ಊಟದ ಮೇಜು ಇರಲ್ಲ. ತರಲಾ?"

ಅತ್ತಿಗೆ ಅವರ ತುಟಿಯನ್ನು ಕೊನೆಯ ಪದದವರೆಗೂ ನೋಡಿದರು. ಬೆಂಚಿನ ಮೇಲೆ ಆರು ಜನ ಮುಂದಕ್ಕೆ ಬಾಗಿದರು. ಲೋಟವನ್ನು ನನ್ನ ಕೈಗೆ ಕೊಟ್ಟು, ಸೊಪ್ಪಿನ ಚೀಲ ಎತ್ತಿಕೊಂಡು, ಆಕೆ ಪೀಠದಿಂದ ಕೆಳಗಿಳಿದರು.

"ಬೇಡ," ಅಂದರು. "ಇದೂ ಬೇಡ, ಮನೇಲಿರೋ ಯಂತ್ರಗಳೂ ಬೇಡ."

ಸೇತೋ ಅಣ್ಣ ಆಗಲಿ ಅಂದರು. ಎದುರಿಗೇ ಕೂತು ಅಂದದ್ದರಿಂದ ಅದು ಅತ್ತಿಗೆಗೆ ತಿಳಿಯಿತು.